ಐವತ್ತು ನಿಮಿಷದ ಹಾದಿ

ನಮ್ಮ ಯಜಮಾನರಿಗೆ ಡಾಕ್ಟರು ಹಾದಿ ಬರೆದುಕೊಟ್ಟ ದಿನ ಆಸ್ಪತ್ರೆಯಿಂದ ಮನೆಯವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಅವರಿಗೆ ಸಿಟ್ಟು. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತುಕೊಂಡೇ ಬದುಕಿದವನಿಗೆ ಇನ್ನು ಈ ಕಾಲಿನ ಕೆಲಸ ಬೇರೆ ಬಾಕಿ ಇತ್ತೇ ಅಂತ. ನನಗೆ ಮಾತ್ರ ಚಿಂತೆ, ಹಾದಿ ಯಾವ ಗೋಡೆಯಲ್ಲಿ ಬಿಚ್ಚಿಕೊಳ್ಳುತ್ತದೋ ಅಂತ. ಅಡುಗೆಮನೆ ಗೋಡೆಯಲ್ಲಿ ಬಿಚ್ಚಿಕೊಂಡರೆ ಪಾತ್ರೆ ಸ್ಟ್ಯಾಂಡು ಎಲ್ಲಿಗೆ ಒಯ್ಯಲಿ ಎಂದು ಯೋಚಿಸುತ್ತಲೇ ಮನೆ ಸೇರಿದೆ.

ನಮ್ಮೂರಲ್ಲಿ ಡಾಕ್ಟರ್ ಇಂದುಮತಿ ಮಾತ್ರೆ ಬರೆಯುವ ಮೊದಲು ಹಾದಿ ಬರೆಯುತ್ತಾರೆ. ಸಕ್ಕರೆ ಕಾಯಿಲೆ ಇರಲಿ, ಬಿ.ಪಿ. ಇರಲಿ, ಮಂಡಿನೋವು, ನಿದ್ದೆ ಬಾರದಿರುವುದು, ಸುಮ್ಮನೆ ಮನಸ್ಸು ಕೆಟ್ಟಿರುವುದು, ಯಾವುದಕ್ಕಾದರೂ ಚೀಟಿಯ ಮೊದಲ ಸಾಲು ಒಂದೇ. ‘ಹಾದಿ: ಬೆಳಿಗ್ಗೆ, ಇಪ್ಪತ್ತು ನಿಮಿಷ.’ ಮಾರನೆಯ ದಿನ ಹೊತ್ತು ಮೂಡುವಾಗ ಆ ರೋಗಿಯ ಮನೆಯ ಯಾವುದೋ ಒಂದು ಗೋಡೆಯಲ್ಲಿ ಅವರಿಗೊಂದು ಹಾದಿ ಬಿಚ್ಚಿಕೊಳ್ಳುತ್ತದೆ. ಅದು ಅವರಿಗೆ ಮಾತ್ರ ಕಾಣುತ್ತದೆ. ಮನೆಯ ಉಳಿದವರಿಗೆ ಕಾಣುವುದು ಇಷ್ಟೇ: ಅವರು ಚಪ್ಪಲಿ ಮೆಟ್ಟಿ ಗೋಡೆಯ ಕಡೆ ನಡೆಯುತ್ತಾರೆ, ನಾವು ರೆಪ್ಪೆ ಮಿಟುಕಿಸುತ್ತೇವೆ, ಅಷ್ಟರಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಬರೆದಷ್ಟು ಹೊತ್ತು ಕಳೆದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಅದೇ ಗೋಡೆಯಿಂದ ಹೊರಗೆ ಬರುತ್ತಾರೆ.

ಪಕ್ಕದ ಮನೆಯ ಚೆಲುವಕ್ಕನವರಲ್ಲಿ ಹಾದಿ ದೇವರ ಗೋಡೆಯಲ್ಲೇ ಬಿಚ್ಚಿಕೊಂಡು, ದೇವರೆಲ್ಲ ಅಡುಗೆಮನೆಯ ಕಪಾಟಿಗೆ ಹೋಗಬೇಕಾಯಿತು. ಹೆಡ್‌ಮಾಸ್ಟರ ಮನೆಯಲ್ಲಿ ಬೀರುವಿನ ಹಿಂದೆ ಬಿಚ್ಚಿಕೊಂಡು, ನಾಲ್ಕು ಜನ ಬಂದು ಬೀರು ಎಳೆಯುವವರೆಗೆ ಪಾಪ ಅವರು ಚಪ್ಪಲಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಈಗೀಗ ಹೊಸ ಮನೆ ಕಟ್ಟುವಾಗಲೇ ಒಂದು ಗೋಡೆ ಖಾಲಿ ಬಿಡುತ್ತಾರೆ. ಅದಕ್ಕೆ ಮೊಳೆ ಹೊಡೆಯುವುದಿಲ್ಲ, ಕ್ಯಾಲೆಂಡರು ತೂಗುಹಾಕುವುದಿಲ್ಲ. ಹಾದಿಯಲ್ಲಿ ಏನು ಕಂಡಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಲ್ಲಿಂದ ಏನನ್ನೂ ಹೊರಗೆ ತರುವುದಿಲ್ಲ. ಬರೆದ ಹೊತ್ತಿನ ಅರ್ಧಕ್ಕೆ ಕಾಲು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ, ಅದನ್ನು ತಡೆಯಬಾರದು. ಮುಸ್ಸಂಜೆಯಲ್ಲಿ ಕಸ ಗುಡಿಸಬಾರದು ಎಂಬುದು ಹೇಗೆ ಎಲ್ಲರಿಗೂ ಗೊತ್ತೋ ಹಾಗೆ ಇದೂ ಗೊತ್ತು. ಬೇರೆ ಊರಿಂದ ವರ್ಗವಾಗಿ ಬಂದ ಆಫೀಸರುಗಳು ಮೊದಲ ತಿಂಗಳು ನಗುತ್ತಾರೆ. ಎರಡು ವರ್ಷವಾಗುವಷ್ಟರಲ್ಲಿ ಅವರಿಗೂ ಸಕ್ಕರೆ ಬರುತ್ತದೆ, ಅವರೂ ಒಂದು ಗೋಡೆ ಖಾಲಿ ಮಾಡಿಕೊಳ್ಳುತ್ತಾರೆ.

ನಮ್ಮ ಹಾದಿ ಹಿತ್ತಲ ಗೋಡೆಯಲ್ಲಿ ಬಿಚ್ಚಿಕೊಂಡಿತು, ನುಗ್ಗೆಮರದ ಪಕ್ಕ. ಅಡುಗೆಮನೆ ಉಳಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ಯಜಮಾನರು, ಅವರ ಹೆಸರು ಗಂಗಾಧರಯ್ಯ, ಮೊದಲ ಹದಿನೈದು ದಿನ ಗೊಣಗಿಕೊಂಡೇ ಹೋದರು, ಗೊಣಗಿಕೊಂಡೇ ಬಂದರು. “ಏನಿದೆ ಅಲ್ಲಿ, ಒಂದು ಮೈಲಿಗಲ್ಲು, ಅದರ ಮೇಲೆ ಊರಿನ ಹೆಸರೂ ಇಲ್ಲ” ಎಂದರು ಒಂದು ದಿನ. ಕೇಳದೆ ಅವರಾಗಿಯೇ ಹೇಳಿದ್ದರಿಂದ ತಪ್ಪಿಲ್ಲ ಎಂದು ನಾನೂ ಸುಮ್ಮನೆ ಕೇಳಿಸಿಕೊಂಡೆ.

ಆಮೇಲೆ ಗೊಣಗಾಟ ನಿಂತಿತು. ನಾನು ಏಳುವ ಮೊದಲೇ ಅವರು ಎದ್ದಿರುತ್ತಿದ್ದರು. ಗಡ್ಡ ಹೆರೆದು, ತಲೆಗೆ ನೀರು ತಟ್ಟಿ ಬಾಚಿ, ಸೂರ್ಯ ಹುಟ್ಟುವುದನ್ನೇ ಕಾಯುತ್ತಾ ಹಿತ್ತಲಲ್ಲಿ ನಿಂತಿರುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಟ್ರಂಕಿನೊಳಗಿದ್ದ ಹಳೆಯ ಖಾಕಿ ಅಂಗಿ ಮೈಮೇಲಿದೆ. ರಿಟೈರಾಗಿ ಎಂಟು ವರ್ಷವಾಗಿತ್ತು. “ಇದೇನ್ರೀ, ಡ್ಯೂಟಿಗೆ ಹೊರಟ ಹಾಗೆ?” ಎಂದೆ. “ಬೆಳಗಿನ ಚಳಿಗೆ ಇದೇ ಬೆಚ್ಚಗಿರುತ್ತೆ” ಎಂದರು. ಬೇಸಿಗೆ ಅದು.

ಅವರು ವಾಪಸು ಬಂದಾಗ ಪಾದಕ್ಕೆ ಬಿಳಿ ಧೂಳು ಮೆತ್ತಿಕೊಂಡಿರುತ್ತಿತ್ತು. ನಮ್ಮೂರಿನದು ಕಪ್ಪು ಮಣ್ಣು. ಆ ಧೂಳನ್ನು ಗುಡಿಸಲು ಹೋದರೆ ಪೊರಕೆಗೆ ಸಿಗದೆ ಹಿಟ್ಟಿನ ಹಾಗೆ ಜಾರುತ್ತಿತ್ತು. ನೀರು ಹಾಕಿದರೆ ನೆನೆಯುತ್ತಿರಲಿಲ್ಲ, ನೀರಿನ ಅಡಿಯಲ್ಲಿ ಒಣಗಿದ್ದಂತೆಯೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಹೋಗುತ್ತಿತ್ತೋ, ಇರುತ್ತಿರಲಿಲ್ಲ.

ಒಂದು ದಿನ ಅವರು ಒಳಗಿದ್ದಾಗ ಬಟ್ಟೆ ಹಿಂಡುತ್ತಾ ಆಯ ತಪ್ಪಿ ಆ ಗೋಡೆಗೆ ಕೈ ಕೊಟ್ಟೆ. ಬೆಚ್ಚಗಿತ್ತು. ಬಿಸಿಲಿನ ಬಿಸಿಯಲ್ಲ, ಈಗ ತಾನೇ ಯಾರೋ ಎದ್ದುಹೋದ ಹಾಸಿಗೆ ಬೆಚ್ಚಗಿರುತ್ತದಲ್ಲ, ಹಾಗೆ. ಕಿವಿಯಿಟ್ಟೆ. ತುಂಬ ದೂರದಲ್ಲಿ ಏನೋ ಕೆರೆಯುವ ಸದ್ದು. ಸ್ಲೇಟಿನ ಮೇಲೆ ಬಳಪ ಎಳೆದಂತೆ. ನಿಲ್ಲುವುದು, ಮತ್ತೆ ಎಳೆಯುವುದು. ಹಲ್ಲಿಯೋ ಇಲಿಯೋ ಇರಬೇಕು ಎಂದುಕೊಂಡು ಎದ್ದೆ. ಯಜಮಾನರು ಹೊರಗೆ ಕಾಲಿಟ್ಟ ಕ್ಷಣಕ್ಕೆ ಗೋಡೆ ತಣ್ಣಗಾಯಿತು.

ಪ್ರತಿ ತಿಂಗಳು ತೋರಿಸಲು ಹೋದಾಗ ಅವರೇ ಬಾಯಿಬಿಟ್ಟು ಕೇಳುತ್ತಿದ್ದರು. “ಡಾಕ್ಟ್ರೇ, ಇನ್ನೊಂದು ಹತ್ತು ನಿಮಿಷ ಜಾಸ್ತಿ ಮಾಡಿ.” ಇಂದುಮತಿಯವರಿಗೆ ಖುಷಿಯೋ ಖುಷಿ. “ನೋಡಿ, ರೋಗಿ ಅಂದ್ರೆ ಹೀಗಿರ್ಬೇಕು. ಬೇರೆಯವರು ಕಡಿಮೆ ಮಾಡಿ ಅಂತ ಅಳ್ತಾರೆ” ಎಂದು ಮೂವತ್ತು ಬರೆದರು, ಆಮೇಲೆ ನಲವತ್ತು. ನಾಲ್ಕನೆಯ ತಿಂಗಳು ರಕ್ತಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದರು. “ಗಂಗಾಧರಯ್ನೋರೇ, ಸಕ್ಕರೆ ಪೂರ್ತಿ ಹತೋಟಿಗೆ ಬಂದಿದೆ. ಮುಂದಿನ ತಿಂಗಳೂ ಹೀಗೇ ಇದ್ರೆ ಹಾದಿ ಮುಚ್ಚಿಬಿಡೋಣ.”

ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಪಕ್ಕಕ್ಕೆ ತಿರುಗಿ ನೋಡಿದರೆ ಯಜಮಾನರ ಮುಖ, ಸಾವಿನ ಸುದ್ದಿ ಕೇಳಿದವರ ಹಾಗಿತ್ತು.

ಅದೇ ವಾರ ಒಂದು ಮಧ್ಯಾಹ್ನ ಊಟ ಮಾಡಿ ನಾನು ಮಲಗಿದ್ದೆ. ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳದ ಸದ್ದಾಯಿತು. ಹೋಗಿ ನೋಡಿದರೆ ಯಜಮಾನರು ಎರಡೂ ದವಡೆಗೆ ಬೆಲ್ಲದ ಉಂಡೆ ತುರುಕಿಕೊಂಡು ನಿಂತಿದ್ದಾರೆ. ಕಣ್ಣಲ್ಲಿ ನೀರು. ಬಾಯಿ ತುಂಬಿದ್ದರಿಂದ ಮಾತು ಬರುತ್ತಿಲ್ಲ.

“ನಿಮಗೇನು ಸಾಯೋಕೆ ಮನಸ್ಸಾಗಿದೆಯೇನ್ರೀ?” ಎಂದು ಕೂಗಿದೆ.

ಅವರು ನುಂಗಿದರು. ಗೋಡೆಗೆ ಒರಗಿ ನೆಲದ ಮೇಲೆ ಕೂತರು. “ಹಾದಿ ಮುಚ್ಚಿಬಿಡ್ತಾರೆ ಗೌರಿ. ಹೇಮಿ ಇದ್ದಾಳೆ ಅಲ್ಲಿ” ಎಂದರು.

ಹೇಮಾ ನಮ್ಮ ಮಗಳು. ಏಳು ವರ್ಷದವಳಿದ್ದಾಗ ಮೂರು ದಿನ ಜ್ವರ ಬಂದು, ಗಂಟಲು ಕಟ್ಟಿ ಹೋದಳು. ಇವರು ದೂರದ ರೂಟಿನ ಮೇಲಿದ್ದರು. ಡಿಪೋದಿಂದ ಡಿಪೋಗೆ ಹೇಳಿಕಳಿಸಿದರೂ ಸುದ್ದಿ ಇವರನ್ನು ಹಿಂದೆಯೇ ಅಟ್ಟಿಸಿಕೊಂಡು ಹೋಯಿತೇ ಹೊರತು ಮುಟ್ಟಲಿಲ್ಲ. ಬಂದು ಬಾಗಿಲಲ್ಲಿ ನಿಂತಾಗ ಎಲ್ಲ ಮುಗಿದು ಒಂದು ದಿನವಾಗಿತ್ತು. ಎಲ್ಲಿ ಎಂದು ಕೇಳಿದರು. ಊರವರು ಮಣ್ಣು ಮಾಡಿದ ಜಾಗ ತೋರಿಸಿದರು. ಹೋಗಿ ನೋಡಿ ಬಂದು, ಮಾರನೆಯ ಬೆಳಿಗ್ಗೆ ಖಾಕಿ ಹಾಕಿಕೊಂಡು ಡ್ಯೂಟಿಗೆ ಹೋದರು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಅಂದಿನಿಂದ ಮೂವತ್ತೊಂದು ವರ್ಷ ಈ ಮನೆಯಲ್ಲಿ ಆ ಹೆಸರನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

“ಇಪ್ಪತ್ತು ನಿಮಿಷ ಇದ್ದಾಗ ಬರೀ ಸದ್ದು ಕೇಳ್ತಿತ್ತು. ಮೂವತ್ತಕ್ಕೆ ದೂರದಲ್ಲಿ ಒಂದು ಹಳದಿ ಚುಕ್ಕೆ. ನಲವತ್ತಾದ ಮೇಲೆ ಪೂರ್ತಿ ಕಾಣ್ತಾಳೆ ಕಣೇ. ಬೆನ್ನು ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತು ಕುಂಟೆಬಿಲ್ಲೆ ಮನೆ ಬರೀತಿರ್ತಾಳೆ, ಬಳಪದಲ್ಲಿ. ಒಂದು ಜಡೆ ಬಿಚ್ಚಿಹೋಗಿದೆ.”

“ಕೂಗಿದ್ರಾ?”

“ಕೂಗಿದೆ. ತಿರುಗೋದಿಲ್ಲ. ಅಷ್ಟರಲ್ಲಿ ಹಾಳು ಕಾಲು ಹಿಂದಕ್ಕೆ ತಿರುಗಿಬಿಡುತ್ತೆ. ಇನ್ನು ಹತ್ತೇ ಹತ್ತು ನಿಮಿಷ ಬರೆದ್ರೆ ಮುಟ್ತೀನಿ. ಆವತ್ತಂತೂ ಮುಟ್ಟಲಿಲ್ಲ.”

ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮೈಯೆಲ್ಲ ಉರಿಯುವ ಸಿಟ್ಟು. “ಎಷ್ಟು ದಿನದಿಂದ ಹೀಗೆ? ನನ್ನ ಮಗಳನ್ನ ದಿನಾ ಬೆಳಿಗ್ಗೆ ನೋಡಿಕೊಂಡು ಬಂದು ಏನೂ ಆಗಿಲ್ಲದವರ ಹಾಗೆ ನನ್ನ ಕೈಯಲ್ಲಿ ಉಪ್ಪಿಟ್ಟು ಹಾಕಿಸಿಕೊಂಡು ತಿಂತಿದ್ರಾ?” ಎಂದೆ. ನಾನು ಅವರ ಕೈಯಿಂದ ಡಬ್ಬ ಕಿತ್ತುಕೊಂಡೆ. ಮುಚ್ಚಿಡುತ್ತೇನೆ ಎಂದುಕೊಂಡಿರಬೇಕು ಅವರು. ನಾನೊಂದು ಉಂಡೆ ಮುರಿದು ನನ್ನ ಬಾಯಿಗೆ ಹಾಕಿಕೊಂಡೆ.

ಹಾಗೆ ಇಪ್ಪತ್ತೈದು ದಿನ ನಾವಿಬ್ಬರೂ ಬೆಲ್ಲ ತಿಂದೆವು, ಸಕ್ಕರೆ ತಿಂದೆವು, ಮನೆಯಲ್ಲಿ ಹಬ್ಬವೇ ಇಲ್ಲದೆ ಹೋಳಿಗೆ ಬೇಯಿಸಿ ತಿಂದೆವು. ರೋಗ ಬರಿಸಿಕೊಳ್ಳುವುದಕ್ಕೆಂದು ಗಂಡ ಹೆಂಡತಿ ಎದುರುಬದುರು ಕೂತು ತಿನ್ನುವ ಹೋಳಿಗೆ ಹೇಗೆ ಇಳಿಯುತ್ತದೆ? ಒಂದೊಂದು ತುತ್ತಿಗೂ ನೀರು ಕುಡಿಯಬೇಕಾಗಿತ್ತು. ಬೆಳಿಗ್ಗೆ ಅವರು ಒಳಗೆ ಹೋದ ಮೇಲೆ ನಾನು ಗೋಡೆಗೆ ಮೈಯೆಲ್ಲ ಅಂಟಿಸಿ ನಿಲ್ಲುತ್ತಿದ್ದೆ. ಆ ಕೆರೆಯುವ ಸದ್ದು ಈಗ ನನಗೆ ಏನೆಂದು ಗೊತ್ತಿತ್ತು. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಮನೆ ಮುಗಿಯುವುದೇ ಇಲ್ಲ, ಮತ್ತೆ ಮೊದಲಿನಿಂದ.

ತಿಂಗಳ ಕೊನೆಗೆ ಇಬ್ಬರೂ ರಕ್ತ ಕೊಟ್ಟೆವು. ಇಂದುಮತಿಯವರು ಯಜಮಾನರ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. “ಇದೇನಿದು, ಇಷ್ಟು ಏರಿದೆ!” ನನ್ನ ಕಾಗದ ನೋಡಿ ನಕ್ಕರು. “ಗೌರಮ್ನೋರೇ, ನಿಮ್ಮದು ಕಬ್ಬಿಣದ ಮೈ. ಏನೂ ಇಲ್ಲ ನಿಮಗೆ.”

“ಏನೂ ಇಲ್ಲದಿದ್ರೂ ಒಂದು ಹಾದಿ ಬರೆದುಕೊಡಿ. ಹತ್ತು ನಿಮಿಷದ್ದಾದ್ರೂ ಸಾಕು” ಎಂದೆ. ನನ್ನ ದನಿ ನನಗೇ ಭಿಕ್ಷೆ ಬೇಡುವವಳ ದನಿಯಂತೆ ಕೇಳಿಸಿತು.

ಅವರ ನಗು ನಿಂತಿತು. ನನ್ನನ್ನೂ ಯಜಮಾನರನ್ನೂ ಬದಲಿಸಿ ಬದಲಿಸಿ ನೋಡಿದರು. “ರೋಗ ಇಲ್ಲದೋರಿಗೆ ಬರೆದ್ರೆ ಗೋಡೆ ಬಿಚ್ಚೋದಿಲ್ಲಮ್ಮ. ನಮ್ಮಮ್ಮ ಹಟ ಮಾಡಿದ್ರು ಅಂತ ಒಮ್ಮೆ ಬರೆದಿದ್ದೆ. ಒಂದು ತಿಂಗಳು ದಿನಾ ಬೆಳಿಗ್ಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಲ್ತಿದ್ರು, ಅಷ್ಟೇ.” ಆಮೇಲೆ ತಗ್ಗಿದ ದನಿಯಲ್ಲಿ, “ನಾನು ಬರೆಯೋದು ನಿಮಿಷ ಮಾತ್ರ. ಅಲ್ಲಿ ಏನಿರುತ್ತೆ ಅಂತ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳೋಕೂ ನಾನು ಹೋಗೋದಿಲ್ಲ” ಎಂದರು. ಯಜಮಾನರ ಚೀಟಿಯಲ್ಲಿ ನಲವತ್ತನ್ನು ಹೊಡೆದುಹಾಕಿ ಐವತ್ತು ಎಂದು ಬರೆದರು.

ಮಾರನೆಯ ಬೆಳಿಗ್ಗೆ ಖಾಕಿ ಅಂಗಿಗೆ ನಾನೇ ಇಸ್ತ್ರಿ ಹಾಕಿಕೊಟ್ಟೆ. ಗುಂಡಿಯನ್ನೂ ನಾನೇ ಹಾಕಿದೆ. “ಏನಾದ್ರೂ ಹೇಳಬೇಕಾ ಅವಳಿಗೆ?” ಎಂದು ಕೇಳಿದರು. ಹೇಳುವುದು ಮೂವತ್ತೊಂದು ವರ್ಷದ್ದಿತ್ತು.

“ಹಣೆ ಮುಟ್ಟಿ ನೋಡಿ. ಜ್ವರ ಇದೆಯಾ ಅಂತ” ಎಂದೆ.

ಅವರು ತಲೆಯಾಡಿಸಿ ಗೋಡೆಯೊಳಗೆ ಹೋದರು.

ಐವತ್ತು ನಿಮಿಷ ಆಯಿತು. ಒಂದು ಗಂಟೆಯಾಯಿತು. ಗೋಡೆಗೆ ಕಿವಿಯಿಟ್ಟರೆ ಕೆರೆಯುವ ಸದ್ದು ನಿಂತುಹೋಗಿತ್ತು. ಆ ನಿಶ್ಶಬ್ದ ಕೇಳಿ ಗೋಡೆಯ ಮುಂದೆಯೇ ಕೂತುಬಿಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿ ಸೀದ ವಾಸನೆ ಚೆಲುವಕ್ಕನ ಮೂಗಿಗೆ ಹೊಡೆದು, ಅವರು ಹಿತ್ತಲ ಬೇಲಿಯಿಂದ ಇಣುಕಿದರು. ನಾನು ಗೋಡೆಯ ಮುಂದೆ ಕೂತಿದ್ದ ರೀತಿಯಲ್ಲೇ ಅವರಿಗೆ ಅರ್ಥವಾಯಿತು. ಒಂಬತ್ತು ವರ್ಷದ ಹಿಂದೆ ಅವರ ಯಜಮಾನರು ದೇವರ ಗೋಡೆಯೊಳಗೆ ಹೋದವರು ಬಂದಿಲ್ಲ. ಚೆಲುವಕ್ಕ ಇವತ್ತಿಗೂ ದಿನಾ ಬೆಳಿಗ್ಗೆ ಆ ಗೋಡೆಯ ಮುಂದೆ, ಮನೆಯ ಒಳಗೇ, ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ.

“ಅಳಬೇಡ ಗೌರಿ” ಎಂದರು, ಬಂದು ನನ್ನ ರಟ್ಟೆ ಹಿಡಿದು. “ನಾನು ಅತ್ತು ಕರೆದೆ. ಅಳುವ ದನಿ ಕೇಳಿದ್ರೆ ಅವರು ಇನ್ನೂ ಮುಂದೆ ಹೋಗಿಬಿಡ್ತಾರೆ. ಮನೆ ಕೆಲಸ ಹೇಳಿ ಕೂಗಬೇಕು. ಎಂದಿನ ದನೀಲಿ.” ಅವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಕಡೆ ಕೂಗಿದರು. “ಗಂಗಾಧರಣ್ಣಾ, ನಲ್ಲೀಲಿ ನೀರು ಬಂದಿದೆ, ಮೋಟರ್ ಹಾಕೋರಿಲ್ಲ!”

ಬೀದಿಯವರು ಒಬ್ಬೊಬ್ಬರಾಗಿ ಸೇರಿದರು. ಚೆಲುವಕ್ಕನ ಕೂಗು ಕೇಳಿದ ಮೇಲೆ ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಗ್ಯಾಸ್ ಖಾಲಿಯಾಗಿದೆ ಎಂದು ಒಬ್ಬರು. ಫ್ಯಾನು ಸದ್ದು ಮಾಡುತ್ತಿದೆ ಎಂದು ಒಬ್ಬರು. ದನ ಬಂದು ನುಗ್ಗೆಸೊಪ್ಪು ತಿನ್ನುತ್ತಿದೆ, ಓಡಿಸಿ ಬನ್ನಿ ಎಂದು ಇನ್ನೊಬ್ಬರು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಬಿಸಿಲು ನೆತ್ತಿಗೇರಿ ಜನರ ಗಂಟಲು ಒಣಗಿತು. ಗೋಡೆ ಮಾತ್ರ ಬೆಚ್ಚಗೇ ಇತ್ತು. ಕಾಗೆಯೊಂದು ನುಗ್ಗೆಮರದಲ್ಲಿ ಕೂರಲು ಬಂದು, ಕೂರದೆ ರೆಕ್ಕೆ ಬಡಿದು ಹೋಯಿತು. ಅದಾದ ಮೇಲೆ ಒಂದು ಹಕ್ಕಿಯೂ ಆ ಕಡೆ ಸುಳಿಯಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಕೂಗಲು ಕೆಲಸಗಳೇ ಉಳಿಯಲಿಲ್ಲ. ನಾನು ಗೋಡೆಗೆ ಬಾಯಿಟ್ಟು, ಅಳದೆ, ಎಂದಿನ ದನಿಯಲ್ಲೇ ಹೇಳಿದೆ. “ರೀ, ಹಣೆ ಮುಟ್ಟಿ ನೋಡಿದ್ರಾ? ನಾನು ಇಲ್ಲಿ ಕಾಯ್ತಿದ್ದೀನಿ. ನೀವು ಬಂದು ಹೇಳದಿದ್ರೆ ನನಗೆ ಹೇಳೋರು ಇನ್ಯಾರಿದ್ದಾರೆ?”

ಆಮೇಲೆ ಗೋಡೆಯ ಬುಡದಿಂದ ಬಿಳಿ ಧೂಳು ತೆಳ್ಳಗೆ ಹರಿದು ನನ್ನ ಪಾದ ಮುಟ್ಟಿತು. ಯಜಮಾನರ ಎಡಭುಜ ಹೊರಗೆ ಬಂತು, ಆಮೇಲೆ ಮುಖ, ಆಮೇಲೆ ಮೈ. ಮೊಳಕಾಲವರೆಗೆ ಧೂಳು. ಬಲಗೈ ಮಾತ್ರ ಇನ್ನೂ ಗೋಡೆಯೊಳಗೇ ಇತ್ತು. ಹಿಂದಿರುವ ಯಾರನ್ನೋ ನಿಧಾನವಾಗಿ ನಡೆಸಿಕೊಂಡು ಬರುವವರಂತೆ ಅವರು ಒಂದು ಹೆಜ್ಜೆ ಇಟ್ಟು ನಿಂತರು, ಇನ್ನೊಂದು ಹೆಜ್ಜೆ ಇಟ್ಟು ನಿಂತರು. ಕೈ ಹೊರಗೆ ಬಂತು. ಬೆರಳುಗಳು ಮಡಚಿಕೊಂಡಿದ್ದವು, ಪೂರ್ತಿ ಅಲ್ಲ, ನಡುವೆ ಒಂದು ಸಣ್ಣ ಕೈ ಹಿಡಿಸುವಷ್ಟು ಜಾಗ ಬಿಟ್ಟು. ಕೈಯನ್ನು ಅವರು ತೊಡೆಯಿಂದ ಸ್ವಲ್ಪ ದೂರ, ಸ್ವಲ್ಪ ತಗ್ಗಿಸಿ ಹಿಡಿದಿದ್ದರು.

“ಜ್ವರ ಇಲ್ಲ ಕಣೇ ಗೌರಿ” ಎಂದರು, ಮುಖವೆಲ್ಲ ಅರಳಿಸಿಕೊಂಡು. “ಹಣೆ ತಣ್ಣಗಿದೆ. ತಣ್ಣಗೆ ಕೊರೀತಾ ಇದೆ.”

ಸೇರಿದ್ದ ಜನ ಹಿಂದೆ ಸರಿದರು. ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು ಮಗುವಿನ ಕಣ್ಣು ಮುಚ್ಚಿಕೊಂಡು ಓಡಿದಳು. ಕೊನೆಗೆ ಉಳಿದವರು ಚೆಲುವಕ್ಕ ಒಬ್ಬರೇ. ಅವರು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತು, “ಹೊಸಿಲು ದಾಟಿಸಬೇಡ ಗೌರಿ. ನಿನ್ನ ಕಾಲು ಹಿಡೀತೀನಿ” ಎಂದರು.

ಗೋಡೆ ತಣ್ಣಗಾಗಿರಲಿಲ್ಲ. ಧೂಳು ಹರಿಯುವುದೂ ನಿಂತಿರಲಿಲ್ಲ. ಯಜಮಾನರ ಬಲಗೈಯನ್ನು ನೋಡಿದೆ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಬಣ್ಣವೇ ಇರಲಿಲ್ಲ. ನಾನು ನೋಡುತ್ತಿದ್ದಂತೆಯೇ ಆ ಬಿಳುಪು ಮೊಳಕೈಗೆ ಏರಿತು. ತುಟಿ ನೇರಳೆಯಾಗುತ್ತಿತ್ತು. ಅವರಿಗೆ ಅದರ ಪರಿವೆಯೇ ಇಲ್ಲ.

“ಒಳಗೆ ಬರ್ತಾಳಂತೆ” ಎಂದರು. “ಅಮ್ಮ ಎಲ್ಲಿ ಅಂತ ಕೇಳ್ತಿದ್ದಾಳೆ. ಇಲ್ಲೇ ಇದ್ದಾಳಲ್ಲಮ್ಮ, ನೋಡು.”

ಬಾ ಕಂದ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಚೆಲುವಕ್ಕನನ್ನು ತಳ್ಳಿ ಬಾಗಿಲು ತೆಗೆಯಲು ನನ್ನ ಕೈ ಎದ್ದಿತ್ತು. ಗಂಡನ ತುಟಿಯ ಬಣ್ಣವನ್ನು ನೋಡಿಯೂ ಎದ್ದಿತ್ತು. ನಾನು ಅವರ ಬಲಗೈಯ ಪಕ್ಕ ಮಂಡಿಯೂರಿ ಕೂತೆ. ಕಣ್ಣಿಗೆ ಕಂಡದ್ದು ಹಿತ್ತಲ ನೆಲ, ಬಿಳಿ ಧೂಳು, ಅಷ್ಟೇ. ಕೈ ಚಾಚಿದೆ. ತೆರೆದ ಬಾವಿಯೊಳಗೆ ಬಗ್ಗಿದಾಗ ಮುಖಕ್ಕೆ ಬಡಿಯುವಂಥ ತಂಪು. ಅದರ ನಡುವೆ ನನ್ನ ಬೆರಳಿಗೆ ಕೂದಲು ಸಿಕ್ಕಿತು.

ಬಿಚ್ಚಿಹೋಗಿದ್ದ ಜಡೆ. ಕೈಗೆ ಮರೆತಿರಲಿಲ್ಲ. ಕೂದಲನ್ನು ಮೂರು ಕಾಲು ಮಾಡಿಕೊಂಡು ಹೆಣೆಯತೊಡಗಿದೆ. ಏನೂ ಇಲ್ಲದ ಗಾಳಿಯಲ್ಲಿ ನನ್ನ ಬೆರಳು ಒಂದರ ಮೇಲೊಂದು ಹಾಯುವುದನ್ನು ಚೆಲುವಕ್ಕ ಬಾಯಿಗೆ ಸೆರಗಿಟ್ಟುಕೊಂಡು ನೋಡುತ್ತಿದ್ದರು. ಬೆರಳು ಮರಗಟ್ಟುತ್ತಿತ್ತು. ತುದಿಗೆ ಕಟ್ಟಲು ಟೇಪಿರಲಿಲ್ಲ, ನನ್ನ ಸೀರೆಯ ಸೆರಗಿನ ಅಂಚು ಹರಿದು ಕಟ್ಟಿದೆ. ಹೆಣೆಯುವಷ್ಟು ಹೊತ್ತೂ ಅವಳು ಅಲುಗಾಡಲಿಲ್ಲ. ಇದ್ದಾಗ ಒಂದು ದಿನವೂ ಹಾಗೆ ಕೂತವಳಲ್ಲ.

ಯಜಮಾನರ ಉಸಿರು ಗೊರಗೊರ ಎನ್ನತೊಡಗಿತ್ತು. ಬಿಳುಪು ತೋಳು ದಾಟಿ ಖಾಕಿ ಅಂಗಿಯ ಕಾಲರಿನ ಮೇಲೆ, ಕುತ್ತಿಗೆಯಲ್ಲಿ ಕಾಣಿಸಿತು.

“ಆಯ್ತು ನೋಡು” ಎಂದೆ, ಸ್ಕೂಲಿಗೆ ಕಳಿಸುವಾಗಿನ ದನಿಯಲ್ಲಿ. “ಅಪ್ಪಾಜಿಗೆ ಸುಸ್ತಾಗಿದೆ. ನೀನು ಮುಂದೆ ಹೋಗ್ತಿರು ಕಂದಾ. ನಾವು ನಿಧಾನಕ್ಕೆ ಬರ್ತೀವಿ.”

“ಬೇಡ ಕಣೇ!” ಎಂದು ಅವರು ಕೂಗಿದರು. “ಗೌರಿ, ಬೇಡ ಅನ್ನು, ಬೇಡ ಅನ್ನು ಅವಳಿಗೆ!”

ಅವರ ಮಡಚಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವರು ಬಿಚ್ಚಿದ್ದಲ್ಲ. ಕಿರುಬೆರಳಿನಿಂದ ಶುರುವಾಗಿ, ಯಾರೋ ಒಳಗಿನಿಂದ ಸಮಾಧಾನವಾಗಿ ಬಿಡಿಸಿಕೊಂಡ ಹಾಗೆ. ತಂಪು ನನ್ನ ಮುಖದ ಪಕ್ಕದಲ್ಲಿ ಹಾದುಹೋಯಿತು. ಗೋಡೆಗೆ ಕೈಯಿಟ್ಟಾಗ ಅದು ಬರೀ ಗೋಡೆಯಾಗಿತ್ತು.

ಯಜಮಾನರು ಬದುಕಿದರು. ಕೈಗೆ ಬಣ್ಣವೂ ವಾಪಸಾಯಿತು. ಆದರೆ ಆ ಅಂಗೈ ಬೆಚ್ಚಗಾಗಲೇ ಇಲ್ಲ. ಸುಡುವ ಕಾಫಿಯ ಲೋಟ ಹಿಡಿದರೂ ಲೋಟ ತಣ್ಣಗಾಗುತ್ತದೆಯೇ ಹೊರತು ಕೈ ಬಿಸಿಯಾಗುವುದಿಲ್ಲ. ನನ್ನೊಂದಿಗೆ ಅವರು ಮಾತು ಬಿಟ್ಟರು. ಹನ್ನೊಂದು ದಿನ ಇಟ್ಟದ್ದನ್ನು ಉಂಡರು, ತಟ್ಟೆ ತೊಳೆದಿಟ್ಟರು, ಹಿತ್ತಲಿಗೆ ಬೆನ್ನು ಮಾಡಿ ಕೂತರು. ನಾನೂ ಸಮರ್ಥನೆ ಮಾಡಿಕೊಳ್ಳಲಿಲ್ಲ. ಸರಿ ಮಾಡಿದೆನೆಂದು ನನಗೇ ಅನ್ನಿಸಿರಲಿಲ್ಲ.

ಹನ್ನೆರಡನೆಯ ದಿನ ಆಸ್ಪತ್ರೆಗೆ ಹೋದೆವು. ಇಂದುಮತಿಯವರು ಅವರ ಚೀಟಿಯಲ್ಲಿ ಹಾದಿಯ ಸಾಲನ್ನು ಎರಡು ಸಲ ಹೊಡೆದುಹಾಕಿದರು. ಸುಮ್ಮನೆ ನೋಡೋಣ ಎಂದು ನನ್ನ ತೋಳಿಗೂ ಪಟ್ಟಿ ಸುತ್ತಿ ಗಾಳಿ ತುಂಬಿದರು, ಮತ್ತೊಮ್ಮೆ ತುಂಬಿದರು. “ಗೌರಮ್ನೋರೇ, ನಿಮ್ಮ ಬಿ.ಪಿ. ಹೀಗೆ ಯಾವತ್ತೂ ಇರಲಿಲ್ಲ. ಈಗ ನಿಮಗೆ ಬರೆಯಲೇಬೇಕು” ಎಂದು ಹೊಸ ಚೀಟಿ ಎಳೆದುಕೊಂಡರು.

ಪೆನ್ನು ಕಾಗದದ ಮೇಲೆ ನಿಂತಿತ್ತು. ಹನ್ನೊಂದು ದಿನದಲ್ಲಿ ಮೊದಲ ಸಲ ಯಜಮಾನರು ನನ್ನ ಮುಖ ನೋಡಿದರು. ಬರೆಸಿಕೋ ಎನ್ನುತ್ತಿತ್ತು ಆ ಕಣ್ಣು. ಬಾಯಿಬಿಟ್ಟು ಹೇಳಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

“ಹಾದಿ ಬೇಡ ಡಾಕ್ಟ್ರೇ. ಮಾತ್ರೆ ಕೊಡಿ” ಎಂದೆ.

“ಬರೀ ಮಾತ್ರೆಯಿಂದ ಆಗೋದಿಲ್ಲಮ್ಮ. ನಡೆಯಬೇಕು.”

“ನಡೀತೀನಿ. ಊರ ರಸ್ತೇಲೇ ನಡೀತೀನಿ. ಬಸ್ ಸ್ಟ್ಯಾಂಡ್ ತನಕ ಹೋಗಿ ಬರ್ತೀನಿ.”

ಅವರು ಹಾದಿ ಎಂದು ಬರೆಯುವ ಜಾಗದಲ್ಲಿ ಒಂದು ಗೆರೆ ಎಳೆದು, ಅದರ ಕೆಳಗೆ ಮಾತ್ರೆಯ ಹೆಸರು ಬರೆದರು.

ನಮ್ಮೂರಲ್ಲಿ ಬೆಳಿಗ್ಗೆ ಬೀದಿಯಲ್ಲಿ ಕೆಲಸವಿಲ್ಲದೆ ನಡೆಯುವವರೇ ಇಲ್ಲ. ಮೊದಲ ದಿನ ನಾನು ಹೊರಟಾಗ ಯಾರಾದರೂ ತೀರಿಕೊಂಡರಾ ಎಂದು ಮೂರು ಮನೆಯವರು ಕೇಳಿದರು. ನಾಲ್ಕನೆಯ ದಿನ ಹಾಲಿನ ಬೂತು ದಾಟುವಾಗ ಹಿಂದೆ ಚಪ್ಪಲಿ ಸದ್ದಾಯಿತು. ಯಜಮಾನರು. ಹತ್ತು ಮಾರು ಹಿಂದೆ ಬರುತ್ತಿದ್ದರು. ನಾನು ತಿರುಗಲಿಲ್ಲ, ನಿಲ್ಲಲಿಲ್ಲ, ಆದರೆ ಹೆಜ್ಜೆ ಸಣ್ಣದು ಮಾಡಿದೆ. ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಅವರು ನನ್ನ ಪಕ್ಕಕ್ಕೆ ಬಂದಿದ್ದರು. ಬಲಗೈ ಜೇಬಿನಲ್ಲಿತ್ತು.

ವಾಪಸು ಬರುವಾಗ ಇಂದುಮತಿಯವರು ಸ್ಕೂಟರಿನಲ್ಲಿ ಎದುರಾದರು. ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, “ಇದೇನು ನಡಿಗೆಯಾ, ಮೆರವಣಿಗೆಯಾ? ಸ್ವಲ್ಪ ಜೋರಾಗಿ ಕಾಲು ಹಾಕಿ, ಇಲ್ಲದಿದ್ರೆ ಏನೂ ಪ್ರಯೋಜನ ಇಲ್ಲ” ಎಂದು ಗದರಿದರು.

ನಾನು ಏನಾದರೂ ಹೇಳುವ ಮೊದಲೇ ಯಜಮಾನರು ಬಾಯಿಬಿಟ್ಟರು.

“ಅವಸರ ಏನಿಲ್ಲ ಡಾಕ್ಟ್ರೇ. ನಿಧಾನಕ್ಕೆ ಬರ್ತೀವಿ ಅಂತ ಇವಳು ಹೇಳಿಬಿಟ್ಟಿದ್ದಾಳೆ.”